ಬುಲೆಟ್ ಬಾಬಾನಿಗೊಂದು ಹಾರ್ನ್

ರಾಜಸ್ಥಾನದ ಜೋಧಪುರದಿಂದ ಪಾಲಿಗೆ ಹೋಗುವ ಹೆದ್ದಾರಿಯಲ್ಲಿ, ಚೋಟಿಲಾ ಎಂಬ ಹಳ್ಳಿಯ ಬಳಿ, ಗಾಜಿನ ಗೂಡಿನೊಳಗೆ ಒಂದು ದೇವರಿದೆ. ಅದಕ್ಕೆ ಎರಡು ಚಕ್ರ, ಒಂದು ಹೆಡ್‌ಲೈಟು. ರಾಯಲ್ ಎನ್‌ಫೀಲ್ಡ್ ಬುಲೆಟ್! ಮೈತುಂಬ ಹೂವಿನ ಹಾರ, ಎದುರಿಗೆ ಊದುಬತ್ತಿ, ಭಕ್ತರ ಕೈಯಲ್ಲಿ ನೈವೇದ್ಯಕ್ಕೆಂದು ತಂದ ಮದ್ಯದ ಬಾಟಲಿ. 1988ರಲ್ಲಿ ಓಂ ಸಿಂಗ್ ರಾಠೋಡ್ ಎಂಬ ಯುವಕ ಈ ಬೈಕಿನಲ್ಲಿ ಬರುತ್ತ ಮರಕ್ಕೆ ಗುದ್ದಿ ತೀರಿಕೊಂಡ. ಪೊಲೀಸರು ಗಾಡಿಯನ್ನು ಠಾಣೆಗೆ ಒಯ್ದರು. ಬೆಳಗಾಗುವಷ್ಟರಲ್ಲಿ ಅದು ಅಪಘಾತದ ಜಾಗಕ್ಕೇ ಮರಳಿತ್ತಂತೆ. ಟ್ಯಾಂಕ್ ಬರಿದು ಮಾಡಿ ಸರಪಳಿ ಬಿಗಿದರೂ ಮಾರನೇ ದಿನ ಮತ್ತೆ ಅಲ್ಲೇ ಹಾಜರಂತೆ. ಅಂದಿನಿಂದ ಅದು ‘ಬುಲೆಟ್ ಬಾಬಾ’. ದಾರಿಹೋಕ ಚಾಲಕರು ನಿಂತು ಕೈಮುಗಿಯುತ್ತಾರೆ, ನಿಲ್ಲಲಾಗದವರು ಹಾರ್ನ್ ಹೊಡೆದಾದರೂ ಮುಂದೆ ಸಾಗುತ್ತಾರೆ.

ಬೈಕೇರಿ ಉತ್ತರಕ್ಕೆ ಹೊರಟ ಗೆಳೆಯರಿಗೆ ಇಂಥ ಜಾಗ ಸಿಕ್ಕರೆ ಹಬ್ಬ. ಒಬ್ಬ ಫೋಟೊ ತೆಗೆಯಲು ಇಳಿಯುತ್ತಾನೆ, ಇನ್ನೊಬ್ಬ ಗಡಿಯಾರ ನೋಡಿ ಗೊಣಗುತ್ತಾನೆ. ದೂರ ಪ್ರಯಾಣದ ಪ್ರತಿ ಜೋಡಿಯಲ್ಲೂ ಹೀಗೆ ಒಬ್ಬ ನಿಲ್ಲುವವ, ಒಬ್ಬ ಓಡುವವ ಇದ್ದೇ ಇರುತ್ತಾರೆ. ಕಾಲಹರಣದ ಅಪವಾದ ಬರುವುದು ನಿಲ್ಲುವವನ ಮೇಲೆ. ಆದರೆ ರಸ್ತೆಯ ಲೆಕ್ಕ ತೆಗೆದರೆ ಗೆಲ್ಲುವವನು ಅವನೇ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅದರಲ್ಲಿ ಶೇ 70ಕ್ಕೂ ಹೆಚ್ಚು ಸಾವಿಗೆ ಅತಿವೇಗವೇ ಕಾರಣ. ಇಂಥ ದೇಶದಲ್ಲಿ ಚಾಲಕನ ಕಾಲನ್ನು ಆಕ್ಸಿಲರೇಟರ್‌ನಿಂದ ಎತ್ತಿಸುವ ಯಾವುದೇ ತಮಾಷೆಗೂ ಬೆಲೆಯಿದೆ, ಅದು ಹಾರ ಹಾಕಿಕೊಂಡ ಮೋಟಾರ್ ಸೈಕಲ್ಲೇ ಆಗಿರಲಿ.

ನಮ್ಮ ಘಾಟಿಗಳ ಲಾರಿ ಚಾಲಕರಿಗೆ ಇದು ಗೊತ್ತಿಲ್ಲದ ವಿಷಯವೇನಲ್ಲ. ಹುಲಿಕಲ್ ಘಾಟಿಯಲ್ಲಿ ಚಂಡಿಕಾಂಬೆ, ಚಾರ್ಮಾಡಿಯಲ್ಲಿ ಅಣ್ಣಪ್ಪ ಸ್ವಾಮಿ. ಗಾಡಿ ನಿಲ್ಲಿಸಿ, ಕಾಣಿಕೆ ಹಾಕಿ, ಹಣೆಗೆ ಕುಂಕುಮವಿಟ್ಟುಕೊಂಡು ಹೊರಡುವುದು ರೂಢಿ. ಕಾರಿನಲ್ಲಿ ಬಂದ ಪಟ್ಟಣದ ಹುಡುಗರು ಇದನ್ನು ನೋಡಿ ಮುಸಿಮುಸಿ ನಗುವುದುಂಟು. ಅದರ ಹಿಂದಿರುವ ಲೋಹದ ಲೆಕ್ಕ ಮಾತ್ರ ಸರಳ: ಭಾರ ಹೊತ್ತ ಲಾರಿ ಇಳಿಜಾರಿನಲ್ಲಿ ಒಂದೇ ಸಮನೆ ಬ್ರೇಕ್ ಒತ್ತುತ್ತಿದ್ದರೆ ಡ್ರಮ್ಮು ಕಾದು ಹಿಡಿತ ಸಡಿಲವಾಗುತ್ತದೆ. ದೇವರೆದುರು ನಿಂತ ಆ ಹತ್ತು ನಿಮಿಷದಲ್ಲಿ ಡ್ರಮ್ಮೂ ತಣಿಯುತ್ತದೆ, ಕ್ಲೀನರ್ ಹುಡುಗ ಟೈರುಗಳನ್ನು ತಟ್ಟಿ ನೋಡುತ್ತಾನೆ. ಅಣ್ಣಪ್ಪನ ಮಹಿಮೆಯಲ್ಲಿ ಇದಕ್ಕೂ ಒಂದು ಪಾಲಿದೆ ಎಂದರೆ ಭಕ್ತರು ಬೇಸರಪಡಲಾರರು.

ಎಲ್ಲ ತಮಾಷೆಯೂ ಹೀಗೆ ಸುಖವಾಗಿ ಮುಗಿಯುವುದಿಲ್ಲ. ಮನಾಲಿ–ಲೇಹ್ ರಸ್ತೆಯ ಗಾಟಾ ಲೂಪ್ಸ್‌ನಲ್ಲಿ ಸಾಲಾಗಿ 21 ಹೇರ್‌ಪಿನ್ ತಿರುವುಗಳು. ಅಲ್ಲಿ ಹಿಮಕ್ಕೆ ಸಿಕ್ಕು, ನೀರಿಲ್ಲದೆ ಸತ್ತ ಲಾರಿ ಕ್ಲೀನರ್ ಒಬ್ಬನ ದೆವ್ವವಿದೆ ಎಂಬ ಕಥೆ. ಅವನ ಬಾಯಾರಿಕೆ ತಣಿಸಲೆಂದು ಪ್ರಯಾಣಿಕರು ನೀರಿನ ಬಾಟಲಿ, ಸಿಗರೇಟು ಇಟ್ಟು ಹೋಗುತ್ತಾರೆ. ಮೊದಲಿಗೆ ಅದು ಕನಿಕರ. ಆಮೇಲೆ ರೀಲ್ಸ್ ಮಾಡುವವರ ಕಾಲ ಬಂದು, ಈಗ ಪುಟ್ಟ ಗುಡಿಯ ಸುತ್ತ ಪ್ಲಾಸ್ಟಿಕ್ ಬಾಟಲಿಗಳ ಗುಡ್ಡೆ. ನಿಂತು ಕಥೆ ಕೇಳಿ, ನಕ್ಕು ಅಥವಾ ನಡುಗಿ, ಬಾಟಲಿಯನ್ನು ವಾಪಸ್ ಚೀಲಕ್ಕೆ ಹಾಕಿಕೊಂಡರೂ ದೆವ್ವ ಬೆನ್ನಟ್ಟಿದ ವರದಿಯಿಲ್ಲ.

ಲೇಹ್‌ನಿಂದ ಸುಮಾರು 30 ಕಿ.ಮೀ. ದೂರದ ಮ್ಯಾಗ್ನೆಟಿಕ್ ಹಿಲ್‌ನದು ನಿರುಪದ್ರವಿ ಮೋಸ. ಗಾಡಿಯನ್ನು ನ್ಯೂಟ್ರಲ್‌ಗೆ ಹಾಕಿ ಬಿಟ್ಟರೆ ಅದು ತಾನಾಗಿ ದಿಬ್ಬ ಏರಿದಂತೆ ಕಾಣುತ್ತದೆ. ನಿಜದಲ್ಲಿ ಅದು ಇಳಿಜಾರು. ಸುತ್ತಲಿನ ಬೆಟ್ಟಗಳ ಓರೆ ಕಣ್ಣನ್ನು ಯಾಮಾರಿಸುತ್ತದೆ. ‘ಬೆಟ್ಟದೊಳಗೆ ಅಯಸ್ಕಾಂತ’ ಎನ್ನುವ ಗೆಳೆಯನಿಗೂ ‘ಬರೀ ಭ್ರಮೆ’ ಎನ್ನುವ ಗೆಳೆಯನಿಗೂ ನಡೆಯುವ ವಾದ ಕಾರ್ಗಿಲ್‌ವರೆಗೂ ನಿದ್ದೆ ಬರಲು ಬಿಡುವುದಿಲ್ಲ. ನಿದ್ದೆಗೆಡಿಸುವ ಈ ಉಪಕಾರಕ್ಕೆ ಬೆಟ್ಟಗಳೇ ಬೇಕೆಂದಿಲ್ಲ. ಲಾಸ್ ಏಂಜಲೀಸ್‌ನಿಂದ ಲಾಸ್ ವೇಗಸ್‌ಗೆ ಹೋಗುವ ಮರುಭೂಮಿ ದಾರಿಯಲ್ಲಿ ಬೇಕರ್ ಎಂಬ ಪುಟ್ಟ ಊರಿದೆ. ಅಲ್ಲಿ 134 ಅಡಿ ಎತ್ತರದ ಥರ್ಮಾಮೀಟರ್ ನಿಲ್ಲಿಸಿದ್ದಾರೆ. ಹತ್ತಿರದ ಡೆತ್ ವ್ಯಾಲಿಯಲ್ಲಿ 1913ರಲ್ಲಿ ದಾಖಲಾದ 134 ಡಿಗ್ರಿ ಫ್ಯಾರನ್‌ಹೀಟ್‌ಗೆ ಡಿಗ್ರಿಗೊಂದು ಅಡಿ! ತೂಕಡಿಸುತ್ತಿದ್ದ ಚಾಲಕ ಅದನ್ನು ಕಂಡು ಇಳಿಯದಿದ್ದರೂ ಕಣ್ಣಂತೂ ಬಿಡುತ್ತಾನೆ.

ಇನ್ನು ನಮ್ಮ ಬೆಂಗಳೂರು–ಮೈಸೂರು ದಾರಿಗೆ ಬನ್ನಿ. 2023ರಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿ ಬಿಡದಿಯ ತಟ್ಟೆ ಇಡ್ಲಿ, ಚನ್ನಪಟ್ಟಣದ ಮರದ ಕುದುರೆ, ಮದ್ದೂರಿನ ವಡೆ ಎಲ್ಲವನ್ನೂ ಬದಿಗೆ ಸರಿಸಿ ಮೈಸೂರಿಗೆ ಧಾವಿಸುತ್ತದೆ. ಸಮಯ ಉಳಿದದ್ದು ಸತ್ಯ. ನಿಲ್ಲಲು ನೆಪ ಉಳಿಯಲಿಲ್ಲ ಎಂಬುದೂ ಅಷ್ಟೇ ಸತ್ಯ. ವೇಗಕ್ಕೆ ದಂಡ ಹಾಕುವ ಕ್ಯಾಮೆರಾ ಬೇಕು, ಸರಿ. ಅದರ ಜತೆಗೆ ಚನ್ನಪಟ್ಟಣದ ಕುಶಲಕರ್ಮಿಗಳಿಂದಲೇ ಮಾಡಿಸಿದ, ಲಾರಿಯಷ್ಟೆತ್ತರದ ಅರಗಿನ ಬಣ್ಣದ ಕುದುರೆಯೊಂದು ಹೆದ್ದಾರಿಯ ವಿಶ್ರಾಂತಿ ತಾಣದಲ್ಲಿ ನಿಂತರೆ ಮಕ್ಕಳ ಹಟಕ್ಕಾದರೂ ಕಾರು ನಿಲ್ಲುತ್ತದೆ.

ಟೆಂಡರ್ ಕರೆದು ಕಟ್ಟಿಸಿದ ತಮಾಷೆಗೆ ಯಾರಾದರೂ ನಗುತ್ತಾರೆಯೇ ಎಂಬ ಅನುಮಾನ ಸಹಜ. ಬುಲೆಟ್ ಬಾಬಾನಿಗೆ ಯಾರೂ ಟೆಂಡರ್ ಕರೆದಿರಲಿಲ್ಲ. ಆದರೆ 1960ರಲ್ಲಿ ಆರಂಭವಾದ ಗಡಿ ರಸ್ತೆ ಸಂಸ್ಥೆಯೂ ಅಪ್ಪಟ ಸರ್ಕಾರಿಯೇ. ಲಡಾಖಿನ ತಿರುವುಗಳಲ್ಲಿ ‘ವಿಸ್ಕಿ ಕುಡಿದರೆ ಡ್ರೈವಿಂಗ್ ರಿಸ್ಕಿ’, ‘ಮದುವೆಯಾಗಿದ್ದರೆ ವೇಗಕ್ಕೆ ಡೈವೋರ್ಸ್ ಕೊಡಿ’ ಎಂಬರ್ಥದ ಇಂಗ್ಲಿಷ್ ಫಲಕಗಳನ್ನು ನೆಟ್ಟು ಗಾಡಿಗಳನ್ನು ನಿಧಾನಿಸಿದವರು ಅವರು. ಆ ಸಾಲುಗಳೂ ಯಾವುದೋ ಕಚೇರಿಯ ಕಡತದಲ್ಲಿ ಮೇಲಧಿಕಾರಿಯ ಸಹಿ ಹಾಕಿಸಿಕೊಂಡೇ ಬೆಟ್ಟ ಹತ್ತಿರಬೇಕು.