ಫೈಟಿಂಗ್ ಬಾರದ ಹೀರೋ!

ಹೀರೋ ಅಂದ್ರೆ ಯಾರು ಸ್ವಾಮಿ? ಹತ್ತು ಜನರನ್ನು ಒಬ್ಬನೇ ಬಡಿದು ಮಲಗಿಸುವವನು! ಗಾಂಧಿ ಕ್ಲಾಸಿನಲ್ಲಿ ಕೂತು ಶಿಳ್ಳೆ ಹೊಡೆಯುವ ನಮ್ಮ ಲೆಕ್ಕ ಇಷ್ಟೇ. ಈ ವಾರ ಬೇರೆ ಥರದ ಹೀರೋ ಒಬ್ಬನ ಪರಿಚಯ ಮಾಡಿಸ್ತೀನಿ. ಹೆಸರು ಹೇಜಲ್. ಜಾತಿಯಲ್ಲಿ ಮೊಲ! ನಗಬೇಡಿ, ಪೂರ್ತಿ ಕೇಳಿ.

ಇಂಗ್ಲೆಂಡಿನ ರಿಚರ್ಡ್ ಆಡಮ್ಸ್ ಕಾರಿನ ಪ್ರಯಾಣದಲ್ಲಿ ತಮ್ಮ ಹೆಣ್ಣುಮಕ್ಕಳಿಗೆ ಹೊತ್ತು ಹೋಗಲೆಂದು ಹೇಳಿದ ಕತೆ ‘ವಾಟರ್‌ಶಿಪ್ ಡೌನ್’. 1972ರಲ್ಲಿ ಕಾದಂಬರಿಯಾಗಿ ಬಂತು. 1978ರಲ್ಲಿ ಮಾರ್ಟಿನ್ ರೋಸೆನ್ ಅದನ್ನು ಕಾರ್ಟೂನ್ ಚಿತ್ರ ಮಾಡಿದರು. ಹೇಜಲ್‌ಗೆ ದನಿ ಕೊಟ್ಟವರು ನಟ ಜಾನ್ ಹರ್ಟ್. ಕಾರ್ಟೂನ್ ಅಂತ ಚಿಕ್ಕ ಮಕ್ಕಳಿಗೆ ತೋರಿಸೀರಿ, ಜೋಕೆ! ರಕ್ತ ಧಾರಾಳವಾಗಿದೆ.

ಮನುಷ್ಯರು ಮನೆ ಕಟ್ಟಲು ಮೊಲಗಳ ಬಿಲಗಳನ್ನೇ ನಾಶ ಮಾಡುವವರಿದ್ದಾರೆ. ಹೇಜಲ್‌ನ ತಮ್ಮ ಫೈವರ್‌ಗೆ ಇದು ಮೊದಲೇ ಕಾಣುತ್ತದೆ. ಯಜಮಾನ ಮೊಲ ನಂಬುವುದಿಲ್ಲ. ಹೇಜಲ್ ನಂಬುತ್ತಾನೆ, ಕೆಲವರನ್ನು ಕಟ್ಟಿಕೊಂಡು ಹೊರಡುತ್ತಾನೆ. ಗುಂಪಿನಲ್ಲಿ ಬಿಗ್‌ವಿಗ್ ಅನ್ನೋ ಜಟ್ಟಿ ಇದ್ದಾನೆ. ನ್ಯಾಯವಾಗಿ ಅವನೇ ಲೀಡರ್ ಆಗಬೇಕಿತ್ತು, ಅಲ್ವೇ?

ದಾರಿಯಲ್ಲಿ ಹೊಳೆ ಅಡ್ಡ. ಹಿಂದೆ ಕಾಡಿನಲ್ಲಿ ನಾಯಿ. ಈಜಬಲ್ಲವರು ಈಜಲಿ, ಉಳಿದವರ ಹಣೆಬರಹ ಅನ್ನುತ್ತಾನೆ ಬಿಗ್‌ವಿಗ್. ಸುಸ್ತಾದ ಫೈವರ್, ಪುಟಾಣಿ ಪಿಪ್ಕಿನ್ ಇಬ್ಬರನ್ನೂ ಬಿಟ್ಟು ಕದಲೋದಿಲ್ಲ ಹೇಜಲ್. ಬ್ಲ್ಯಾಕ್‌ಬೆರಿ ಅನ್ನೋ ಜಾಣ ಮೊಲ ತೇಲುವ ಹಲಗೆಯ ಉಪಾಯ ಹೇಳುತ್ತಾನೆ. ಹೇಜಲ್‌ಗೆ ಅದು ಸರಿಯಾಗಿ ಅರ್ಥವೇ ಆಗೋದಿಲ್ಲ! ಆದ್ರೂ ಜಾಣನ ಮಾತಿಗೆ ಬೆಲೆ ಕೊಡುತ್ತಾನೆ. ಇಬ್ಬರೂ ದಡ ಸೇರುತ್ತಾರೆ.

ಇನ್ನು ವಿಲನ್! ಜನರಲ್ ವೂಂಡ್‌ವರ್ಟ್. ಇವನ ರಾಜ್ಯದಲ್ಲಿ ಪ್ರತಿ ಮೊಲದ ಮೈಮೇಲೂ ಗುರುತು. ಹುಲ್ಲು ಮೇಯಲೂ ಇಂಥದ್ದೇ ಹೊತ್ತು. ಎಲ್ಲರೂ ಹೆದರಿ ಹೇಳಿದ್ದು ಕೇಳುತ್ತಾರೆ.

ಕ್ಲೈಮ್ಯಾಕ್ಸಿನಲ್ಲಿ ಅವನು ಸೈನ್ಯ ಸಮೇತ ಬಂದು ಬಿಲ ಅಗೆದು ನುಗ್ಗುತ್ತಾನೆ. ಇಕ್ಕಟ್ಟಾದ ಸುರಂಗದಲ್ಲಿ ಅಡ್ಡ ನಿಂತವನು ಬಿಗ್‌ವಿಗ್. ಮೈಯೆಲ್ಲ ಗಾಯ. ಆದ್ರೂ ಹಿಂದೆ ಸರಿಯೋದಿಲ್ಲ. ಯಾಕೆ? ಇಲ್ಲಿ ನಿಲ್ಲು ಅಂತ ತನ್ನ ನಾಯಕ ಹೇಳಿದ್ದಾನಂತೆ! ವೂಂಡ್‌ವರ್ಟ್ ದಂಗಾಗುತ್ತಾನೆ. ಇವನೇ ನಾಯಕ ಅಂದುಕೊಂಡಿದ್ದೆ, ಇವನಿಗೂ ಮೇಲೊಬ್ಬನಿದ್ದರೆ ಅವನು ಇನ್ನೆಂಥ ಭೀಮನಿರಬೇಕು ಅಂತ ನಡುಕ. ಆ ‘ಭೀಮ’ ಎಲ್ಲಿದ್ದಾನೆ ಗೊತ್ತೇ? ಹಿಂದೆ ಗುಂಡೇಟು ಬಿದ್ದ ಕಾಲು ಎಳೆದುಕೊಂಡು ತೋಟದ ಮನೆಗೆ ಹೋಗಿ, ನಾಯಿ ಕಟ್ಟಿದ ಹಗ್ಗ ಕಡಿಯುತ್ತಿದ್ದಾನೆ! ಆ ನಾಯಿ ಬಂದು ನುಗ್ಗಿತು, ಜನರಲ್ಲನ ಸೈನ್ಯ ದಿಕ್ಕಾಪಾಲು.

ಇದೆಲ್ಲ ಬರೀ ಕಟ್ಟುಕತೆಯಲ್ಲ. ಎರಡನೇ ಮಹಾಯುದ್ಧದಲ್ಲಿ ಆಡಮ್ಸ್ ಸೈನ್ಯದಲ್ಲಿದ್ದರು. ಹೇಜಲ್‌ಗೆ ಮಾದರಿ ತಮ್ಮ ಕಂಪನಿಯ ಕಮಾಂಡರ್, ಆಡಂಬರವಿಲ್ಲದ ಮೇಜರ್ ಜಾನ್ ಗಿಫರ್ಡ್ ಅಂತ ಅವರೇ ಹೇಳಿದ್ದಾರೆ. ಬಿಗ್‌ವಿಗ್‌ಗೆ ಮಾದರಿ ಕ್ಯಾಪ್ಟನ್ ಪ್ಯಾಡಿ ಕ್ಯಾವನಾ. ಕತೆಯ ಬಿಗ್‌ವಿಗ್ ಬದುಕಿ ಉಳಿದ. ನಿಜವಾದ ಕ್ಯಾವನಾ 1944ರ ಆರ್ನೆಮ್ ಕದನದಲ್ಲಿ ಪ್ರಾಣ ಕೊಟ್ಟರು.

ಅದಕ್ಕೇ ಹೇಳೋದು ಗೆಳೆಯರೇ, ನಿಮ್ಮ ಗ್ಯಾಂಗಿನಲ್ಲಿ ಲೀಡರ್ ಯಾರು ಅನ್ನೋ ಜಗಳ ಬಂದ್ರೆ ತೋಳು ಅಳೆಯಲು ಹೋಗಬೇಡಿ. ಕಷ್ಟ ಬಂದಾಗ ಎಲ್ಲರೂ ಯಾರ ಮುಖ ನೋಡ್ತಾರೆ? ಅವನು ಕಡ್ಡಿ ಪೈಲ್ವಾನನಾದ್ರೂ ಪರವಾಗಿಲ್ಲ, ಅವನೇ ಲೀಡರ್!