ಕುದಿಸಿದರೂ ಸಾಯದ ಕಣ

ಮಳೆಗಾಲದಲ್ಲಿ ಡಬ್ಬಿಯೊಳಗೆ ಮರೆತುಬಿಟ್ಟ ಬ್ರೆಡ್ಡನ್ನು ತೆಗೆದು ನೋಡಿ. ಬಿಳಿ ನೂಲಿನಂಥ ಬೂಷ್ಟು, ಅದರ ಮೇಲೆ ಸೂಜಿತಲೆಯಷ್ಟು ಕಪ್ಪು ಚುಕ್ಕೆಗಳು. ಪ್ರತಿಯೊಂದು ಚುಕ್ಕೆಯೂ ಒಂದು ಚೀಲ, ಒಳಗೆ ಸಾವಿರಾರು ಬೀಜಕಣಗಳು. ಚೀಲ ಒಡೆದರೆ ಅವು ಗಾಳಿಯಲ್ಲಿ ಹರಡುತ್ತವೆ. ಶಿಲೀಂಧ್ರ ವಂಶ ಬೆಳೆಸುವುದು ಹೀಗೆ. ಅದು ಕಣ್ಣಿಗೆ ಕಾಣುತ್ತದೆ, ನೀವು ಎಸೆದುಬಿಡುತ್ತೀರಿ.

ನನಗಿರುವ ಚಿಂತೆ ಅನ್ನದ್ದು. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಸಾಮಾನ್ಯವಾಗಿ ಇರುತ್ತವೆ. ಇವು ಸಂತಾನಕ್ಕಲ್ಲ, ಜೀವ ಉಳಿಸಿಕೊಳ್ಳುವುದಕ್ಕೆ. ಆಹಾರ ತೀರಿದಾಗ ಜೀವಕೋಶ ತನ್ನೊಳಗೇ ಗೋಡೆ ಎಬ್ಬಿಸಿ ಒಂದು ದೊಡ್ಡ, ಒಂದು ಚಿಕ್ಕ ಭಾಗವಾಗುತ್ತದೆ. ದೊಡ್ಡದು ಚಿಕ್ಕದನ್ನು ಒಳಗೆ ಸೇರಿಸಿಕೊಂಡು, ಅದರ ಸುತ್ತ ಪದರದ ಮೇಲೆ ಪದರ ಹೊದಿಸುತ್ತದೆ. ಚಿಕ್ಕದರ ನೀರಿನಂಶ ಇಳಿದು ಅದು ಗಟ್ಟಿಯಾಗುತ್ತದೆ. ಕೊನೆಗೆ ದೊಡ್ಡದು ತಾನೇ ಒಡೆದು ಸಾಯುತ್ತದೆ. ವಿಜ್ಞಾನಿಗಳು ಅದನ್ನು ತಾಯಿಕೋಶ ಎನ್ನುತ್ತಾರೆ. ಹೆಸರಿಟ್ಟವರು ಸರಿಯಾಗಿಯೇ ಇಟ್ಟಿದ್ದಾರೆ.

ಅನ್ನ ಬೆಂದರೂ ಈ ಕಣ ಉಳಿಯಬಲ್ಲದು. ಮದುವೆ ಮನೆಯಿಂದ ತಂದ ಬಿರಿಯಾನಿ ರಾತ್ರಿಯಿಡೀ ಹೊರಗೇ ಉಳಿಯಿತೆನ್ನಿ. ಉಗುರುಬೆಚ್ಚಗಾಗುತ್ತಲೇ ಕಣ ಮೊಳೆತು, ಬ್ಯಾಕ್ಟೀರಿಯಾ ಹೆಚ್ಚಿ, ವಾಂತಿ ತರಿಸುವ ವಿಷ ಬಿಡಬಹುದು. ಬೂಷ್ಟು ಕಾಣದು, ವಾಸನೆಯೂ ಬಾರದಿರಬಹುದು. ಬೆಳಿಗ್ಗೆ ಎಷ್ಟು ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಅನ್ನ ಎಸೆಯಲು ಮನಸ್ಸು ಬಾರದೆಂದು ನನಗೂ ಗೊತ್ತು. ಆದ್ದರಿಂದ ಉಳಿದದ್ದನ್ನು ಅಗಲ ತಟ್ಟೆಯಲ್ಲಿ ಹರಡಿ ಬೇಗ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿನಲ್ಲಿಡಿ. ಫ್ರಿಜ್ ಇಲ್ಲವೇ? ಬಿಸಿಯಿರುವಾಗಲೇ ನೆರೆಮನೆಗೆ ಕಳಿಸಿಬಿಡಿ.