ಹುದ್ದೆ ಮಾರಿದ ರೊಕ್ಕ ಯಾರಿಗೆ ಸೇರಬೇಕು?

1872ರ ಭಾರತೀಯ ಕರಾರು ಕಾಯ್ದೆಯ 23ನೇ ಕಲಮಿನಲ್ಲಿ ಒಂದು ದೃಷ್ಟಾಂತವಿದೆ. ಸರ್ಕಾರಿ ನೌಕರಿ ಕೊಡಿಸುತ್ತೇನೆಂದು ಒಬ್ಬ ಮಾತು ಕೊಡುತ್ತಾನೆ. ಅದಕ್ಕೆ ಸಾವಿರ ರೂಪಾಯಿ ಕೊಡುತ್ತೇನೆಂದು ಇನ್ನೊಬ್ಬ ಒಪ್ಪುತ್ತಾನೆ. ಈ ಕರಾರು ಅಸಿಂಧು ಎನ್ನುತ್ತದೆ ಕಾಯ್ದೆ. ನೂರೈವತ್ತು ವರ್ಷ ಕಳೆದ ಮೇಲೆ ನಮ್ಮ ಕಲಬುರಗಿಯಲ್ಲಿ ಬದಲಾದದ್ದು ಮೊತ್ತ ಮಾತ್ರ. ಸಾವಿರವಿದ್ದದ್ದು ಹತ್ತಾರು ಲಕ್ಷವಾಯಿತು ಎಂಬುದು ಪೊಲೀಸ್ ಸಬ್ ಇನ್‌ಸ್ಪೆಕ್ಟರ್ (ಪಿಎಸ್‌ಐ) ನೇಮಕಾತಿ ಹಗರಣದ ತನಿಖಾಧಿಕಾರಿಗಳ ಆರೋಪ.

ಆಳಂದ ತಾಲ್ಲೂಕಿನ ಖಜೂರಿ ಮಹಾರಾಷ್ಟ್ರದ ಗಡಿಗೆ ಹತ್ತಿರದ ಊರು. ಇಲ್ಲಿ ತೊಗರಿ ಕೈಹಿಡಿದರೆ ವರ್ಷ ಕಳೆಯುತ್ತದೆ, ಕೈಕೊಟ್ಟರೆ ಸಾಲ. ಹೊಲ ನೆಚ್ಚಿ ಕೂರಲಾಗದ ಮನೆಗಳ ಹುಡುಗರು ಕಲಬುರಗಿಯಲ್ಲಿ ರೂಮ್ ಹಿಡಿದು, ಮೂರು ನಾಲ್ಕು ಜನ ಸೇರಿ ರೊಟ್ಟಿ ಹಂಚಿಕೊಂಡು ಪರೀಕ್ಷೆಗೆ ಓದುತ್ತಾರೆ. ಅಫಜಲಪುರ, ಜೇವರ್ಗಿಯ ಕತೆಯೂ ಬೇರೆಯಲ್ಲ. ಇಂಥ ಹುಡುಗರ ಪಾಲಿಗೆ ಪಿಎಸ್‌ಐ ಹುದ್ದೆಯೆಂದರೆ ಸಂಬಳವಷ್ಟೇ ಅಲ್ಲ, ಊರೊಳಗೆ ಇಡೀ ಮನೆತನಕ್ಕೆ ಸಿಗುವ ಮರ್ಯಾದೆ.

2021ರ ಅಕ್ಟೋಬರ್ 3ರಂದು 545 ಪಿಎಸ್‌ಐ ಹುದ್ದೆಗಳಿಗೆ ನಡೆದ ಲಿಖಿತ ಪರೀಕ್ಷೆಯನ್ನು ಸುಮಾರು 54 ಸಾವಿರ ಮಂದಿ ಬರೆದರು. ಕಲಬುರಗಿಯ ಜ್ಞಾನಜ್ಯೋತಿ ಶಾಲೆಯ ಕೇಂದ್ರದಲ್ಲಿ ಒಎಂಆರ್ ಶೀಟ್‌ಗಳನ್ನು ತಿದ್ದಿದ ಆರೋಪದಿಂದ ಹಗರಣ ಹೊರಬಂತು. ಕೆಲವೇ ಪ್ರಶ್ನೆಗಳಿಗೆ ಉತ್ತರಿಸಿದವರ ಹೆಸರಿನ ಮುಂದೆ ನೂರಕ್ಕೂ ಮಿಕ್ಕಿ ಅಂಕ! 2022ರ ಏಪ್ರಿಲ್‌ನಲ್ಲಿ ಸರ್ಕಾರ ಪರೀಕ್ಷೆ ರದ್ದು ಮಾಡಿತು. ಜುಲೈನಲ್ಲಿ ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಎಡಿಜಿಪಿ ಅಮೃತ್ ಪೌಲ್ ಅವರನ್ನೇ ಸಿಐಡಿ ಬಂಧಿಸಿತು. 2023ರ ನವೆಂಬರ್‌ನಲ್ಲಿ ಹೈಕೋರ್ಟ್ ಮರುಪರೀಕ್ಷೆಯೇ ಸರಿ ಎಂದಿತು. ಅದು ನಡೆದದ್ದು 2024ರ ಜನವರಿ 23ರಂದು. ಈ ನಡುವೆ, 2023ರ ಅಕ್ಟೋಬರ್‌ನಲ್ಲಿ ನಿಗಮ ಮಂಡಳಿಗಳ ಹುದ್ದೆಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸಿದ ಪರೀಕ್ಷೆಯಲ್ಲಿ ಇದೇ ಸೀಮೆಯ ಕೇಂದ್ರಗಳಲ್ಲಿ ಬ್ಲೂಟೂತ್ ನಕಲು ಸಿಕ್ಕಿಬಿತ್ತು. ಮೊದಲ ಹಗರಣದಲ್ಲಿ ಜೈಲು ಕಂಡು ಜಾಮೀನಿನ ಮೇಲೆ ಬಂದವರ ಹೆಸರೇ ಇಲ್ಲೂ ಕೇಳಿಬಂತು. ಗಳಿಕೆ ಕೈಯಲ್ಲೇ ಉಳಿದರೆ ದಂಧೆ ನಿಲ್ಲಲು ಕಾರಣವಾದರೂ ಏನು?

ಮತ್ತೆ 1872ಕ್ಕೆ ಬರೋಣ. ಕರಾರು ಅಸಿಂಧು ಎಂದರೆ ನೌಕರಿ ಸಿಗದವನು ಕೊಟ್ಟ ರೊಕ್ಕವನ್ನು ಕೋರ್ಟಿಗೆ ಹೋಗಿ ವಾಪಸ್ ಕೇಳುವುದು ಕಷ್ಟ. ತಪ್ಪಿನಲ್ಲಿ ಇಬ್ಬರೂ ಪಾಲುದಾರರಾದಾಗ ನ್ಯಾಯಾಲಯ ಯಾರ ಕೈಯನ್ನೂ ಹಿಡಿಯುವುದಿಲ್ಲ. ನೀತಿಯ ದೃಷ್ಟಿಯಿಂದ ಇದು ಸರಿಯೇ. ಆದರೆ ಅದರ ಫಲ ನೋಡಿ: ಹೊಲ ಮಾರಿ ಲಂಚ ಕೊಟ್ಟವನು ಬರಿಗೈಲಿ ಮನೆಗೆ ಹೋಗುತ್ತಾನೆ, ಮಧ್ಯವರ್ತಿಯ ಗಂಟು ಕರಗುವುದೇ ಇಲ್ಲ. ಸಿವಿಲ್ ಕಾನೂನು ಕೈಕಟ್ಟಿ ಕುಳಿತುಕೊಳ್ಳುವ ಈ ಜಾಗದಲ್ಲಿ ಗಳಿಕೆಯನ್ನು ಕಿತ್ತುಕೊಳ್ಳಬಲ್ಲದ್ದು ಸರ್ಕಾರ ಮಾತ್ರ. ಹಾಗಾಗಿ ಮುಟ್ಟುಗೋಲನ್ನು ಶಿಕ್ಷೆಯ ಜೊತೆಗೆ ಬರುವ ಕೊಸರು ಎಂದು ಕಾಣಬಾರದು. ಇಂಥ ಪ್ರಕರಣಗಳಲ್ಲಿ ಅಸಲು ಅದೇ.

ಪಾಪದ ಗಳಿಕೆ ಪಾಪಿಗೆ ದಕ್ಕಬಾರದು ಎಂಬ ತತ್ವವನ್ನು ನಾವು ಅಮೆರಿಕದಿಂದ ಕಲಿಯಬೇಕಿಲ್ಲ. ಸರಣಿ ಹಂತಕನೊಬ್ಬ ತನ್ನ ಕಥೆ ಮಾರಿ ದುಡ್ಡು ಮಾಡಿಯಾನೆಂದು ನ್ಯೂಯಾರ್ಕ್ 1977ರಲ್ಲಿ ಕಾನೂನು ತಂದದ್ದೂ, ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ಧಕ್ಕೆಯೆಂದು 1991ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ರದ್ದುಗೊಳಿಸಿದ್ದೂ ಸರಿ. ಅದಕ್ಕೂ ಮೊದಲೇ, 1924ರಲ್ಲಿ, ಕೆಂಚವ್ವ ಮತ್ತು ಗಿರಿಮಲ್ಲಪ್ಪ ಎಂಬ ಅಪ್ಪಟ ಕನ್ನಡದ ಹೆಸರುಗಳ ವ್ಯಾಜ್ಯವೊಂದು ಲಂಡನ್ನಿನ ಪ್ರೀವಿ ಕೌನ್ಸಿಲ್ ತಲುಪಿತ್ತು. ಕೊಂದವನಿಗೆ ಸತ್ತವರ ಆಸ್ತಿ ಬರಕೂಡದು, ವಾರಸಿನ ಲೆಕ್ಕದಲ್ಲಿ ಆತ ಇಲ್ಲವೇ ಇಲ್ಲ ಎಂದು ತಿಳಿಯಬೇಕು ಎಂಬ ತೀರ್ಪು ಬಂತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 25 ಮತ್ತು 27ನೇ ಕಲಮುಗಳಲ್ಲಿರುವುದು ಇದೇ ನಿಯಮ.

ಈಗಂತೂ ಕಾನೂನುಗಳಿಗೆ ಬರವಿಲ್ಲ. 2002ರ ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆ ಇದೆ. 2023ರ ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನ ಒಪ್ಪಿದ ನೇಮಕಾತಿ ಪರೀಕ್ಷಾ ಅಕ್ರಮ ತಡೆ ಕಾನೂನಿನಲ್ಲಿ 10 ಕೋಟಿ ರೂಪಾಯಿವರೆಗಿನ ದಂಡವೂ ಆಸ್ತಿ ಮುಟ್ಟುಗೋಲೂ ಇವೆ. ಕೇಂದ್ರದ 2024ರ ಕಾಯ್ದೆಯಂತೆ ಪರೀಕ್ಷೆಯ ಖರ್ಚನ್ನೂ ತಪ್ಪಿತಸ್ಥ ಸಂಸ್ಥೆಗಳಿಂದ ವಸೂಲು ಮಾಡಬಹುದು. ಈ ಎರಡು ಪರೀಕ್ಷಾ ಕಾನೂನುಗಳ ಒಲವು ಗಮನಿಸಿ: ವಸೂಲಾದ ಖರ್ಚು ಸರ್ಕಾರಕ್ಕೆ, ದಂಡ ಸರ್ಕಾರಕ್ಕೆ. ಪ್ರಾಮಾಣಿಕವಾಗಿ ಬರೆದ ಹುಡುಗನ ಹೆಸರು ಆ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ.

ಭಿನ್ನವಾಗಿ ಯೋಚಿಸಿರುವುದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 107ನೇ ಕಲಂ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಈ ಸಂಹಿತೆಯಂತೆ, ಆಸ್ತಿ ಅಪರಾಧದ ಗಳಿಕೆಯೆಂದು ನ್ಯಾಯಾಲಯಕ್ಕೆ ಕಂಡುಬಂದರೆ ಜಿಲ್ಲಾಧಿಕಾರಿ ಅದನ್ನು 60 ದಿನಗಳಲ್ಲಿ ನೊಂದವರಿಗೆ ಪ್ರಮಾಣಾನುಸಾರ ಹಂಚಬೇಕು, ಮಿಕ್ಕಿದ್ದಷ್ಟೇ ಸರ್ಕಾರದ್ದು. ಕರ್ನಾಟಕಕ್ಕೆ ಇದು ಹೊಸದೂ ಅಲ್ಲ, ನಮ್ಮ 2004ರ ಠೇವಣಿದಾರರ ಹಿತರಕ್ಷಣಾ ಕಾಯ್ದೆ ವಂಚಕ ಸಂಸ್ಥೆಗಳ ಆಸ್ತಿ ಮಾರಿ ಠೇವಣಿದಾರರಿಗೆ ಕೊಡಿಸುತ್ತದೆ. ಆದರೆ ಠೇವಣಿದಾರನ ಕೈಯಲ್ಲಿ ರಸೀದಿ ಇರುತ್ತದೆ. ಪರೀಕ್ಷೆಯಲ್ಲಿ ಮೋಸ ಹೋದವನ ಕೈಯಲ್ಲಿರುವುದು ಹಾಲ್ ಟಿಕೆಟ್ ಒಂದೇ. ನನ್ನ ಪ್ರಕಾರ ಅದೇ ಸಾಕು. ಅರ್ಜಿ ಶುಲ್ಕ, ಬಸ್ ಚಾರ್ಜು, ಮರುಪರೀಕ್ಷೆಗಾಗಿ ಮತ್ತೆ ಓದಿದ ತಿಂಗಳುಗಳ ರೂಮ್ ಬಾಡಿಗೆ, ಇವೆಲ್ಲ ಲೆಕ್ಕಕ್ಕೆ ಸಿಗುವ ನಷ್ಟಗಳೇ. ಮೊದಲ ಪಟ್ಟಿಯಲ್ಲಿ ನ್ಯಾಯವಾಗಿ ಆಯ್ಕೆಯಾಗಿದ್ದೂ ಕಳ್ಳರ ಜೊತೆಗೆ ಕೊಚ್ಚಿಹೋದವರ ನಷ್ಟವಂತೂ ಇನ್ನೂ ದೊಡ್ಡದು.

ಎರಡು ಅಡ್ಡಿಗಳಿವೆ, ಮುಚ್ಚಿಡುವುದಿಲ್ಲ. 107ನೇ ಕಲಂ ಶಿಕ್ಷೆ ಪ್ರಕಟವಾಗುವವರೆಗೂ ಕಾಯುವುದಿಲ್ಲ. ಆರೋಪಿ ನಾಳೆ ಖುಲಾಸೆಯಾದರೆ ಹಂಚಿಹೋದ ಹಣ ತರುವವರು ಯಾರು? ಜಪ್ತಿ ಬೇಗ ಆಗಲಿ, ಹಂಚಿಕೆ ತೀರ್ಪಿನ ನಂತರವೇ ಆಗಲಿ ಎಂಬುದು ನನ್ನ ವಾದ. ಹಾಗೆಂದ ಕೂಡಲೇ ಎರಡನೆಯ ಅಡ್ಡಿ ಎದುರಾಗುತ್ತದೆ: ನಮ್ಮಲ್ಲಿ ತೀರ್ಪು ಯಾವಾಗ ಬರುತ್ತದೆ? ತಮಿಳುನಾಡಿನ ಮುಖ್ಯಮಂತ್ರಿಯಾಗಿದ್ದ ಜಯಲಲಿತಾ ಅವರ ಅಕ್ರಮ ಆಸ್ತಿ ಪ್ರಕರಣದಲ್ಲಿ 1996ರಲ್ಲಿ ಜಪ್ತಿಯಾದ ಒಡವೆಗಳು ಬೆಂಗಳೂರಿನ ನ್ಯಾಯಾಲಯದಿಂದ ತಮಿಳುನಾಡು ಸರ್ಕಾರದ ಕೈಸೇರಿದ್ದು 2025ರ ಫೆಬ್ರುವರಿಯಲ್ಲಿ. ಅವುಗಳನ್ನು ತಮಗೆ ಕೊಡಬೇಕೆಂಬ ವಾರಸುದಾರರ ಕೋರಿಕೆಯನ್ನು ಹೈಕೋರ್ಟ್ ತಳ್ಳಿಹಾಕಿದ್ದು ಸರಿಯಾದ ನಿರ್ಧಾರ. ಆದರೆ ಬಂಗಾರವಾದರೆ ಇಪ್ಪತ್ತೆಂಟು ವರ್ಷ ಕಾದೀತು, ಇಪ್ಪತ್ತೆಂಟರ ಹುಡುಗ ಕಾಯಲಾರ.

ಸರ್ಕಾರ ಮಾಡಬೇಕಾದ್ದು ಇಷ್ಟು: ನೇಮಕಾತಿ ಅಕ್ರಮಗಳ ವಿಚಾರಣೆಗೆ ಕಲಬುರಗಿಯಲ್ಲೇ ದಿನಂಪ್ರತಿ ಕೂರುವ ವಿಶೇಷ ನ್ಯಾಯಾಲಯ, ರದ್ದಾದ ಪರೀಕ್ಷೆಯನ್ನು ಪ್ರಾಮಾಣಿಕವಾಗಿ ಬರೆದ ಪ್ರತಿಯೊಬ್ಬರೂ ನೊಂದವರು ಎಂದು ನಿಯಮದಲ್ಲೇ ಬರೆಯುವುದು, ಮುಟ್ಟುಗೋಲಿನ ಹಣದಲ್ಲಿ ಮೊದಲ ಹಕ್ಕು ಅವರಿಗೆ, ಖಜಾನೆಗೆ ಆಮೇಲೆ. ಮುಂದಿನ ಪಿಎಸ್‌ಐ ಅಧಿಸೂಚನೆ ಹೊರಬೀಳುವ ಮೊದಲೇ ಗೃಹ ಇಲಾಖೆ ಈ ನಿಯಮ ತರಲಿ.